ಪಿಯಾಜೆಗೆ ನಾಲ್ಕು ಹಂತ, ಎರಿಕ್‌ಸನ್‌ಗೆ ಎಂಟು: ಯಾರನ್ನು ನಂಬಬೇಕು?

ಪ್ರಶ್ನೆ: ನನಗೆ 46 ವರ್ಷ. ದೂರಶಿಕ್ಷಣದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ. ಮನುಷ್ಯ ಹುಟ್ಟಿನಿಂದ ಯಾವ ಯಾವ ಹಂತ ದಾಟಿ ಬೆಳೆಯುತ್ತಾನೆ ಎಂಬುದಕ್ಕೆ ನೋಟ್ಸ್‌ನಲ್ಲಿ ಒಬ್ಬೊಬ್ಬ ಮನಶ್ಶಾಸ್ತ್ರಜ್ಞರದ್ದು ಒಂದೊಂದು ಕೋಷ್ಟಕ. ಫ್ರಾಯ್ಡ್‌ಗೆ ಐದು ಹಂತ, ಪಿಯಾಜೆಗೆ ನಾಲ್ಕು, ಕೋಲ್‌ಬರ್ಗ್‌ಗೆ ಆರು, ಎರಿಕ್‌ಸನ್‌ಗೆ ಎಂಟು. ವಯಸ್ಸುಗಳೂ ಒಂದಕ್ಕೊಂದು ಹೊಂದುವುದಿಲ್ಲ. ಇದರಲ್ಲಿ ಸರಿಯಾದದ್ದು ಯಾವುದು? ಓದುತ್ತಾ ಓದುತ್ತಾ ಮನೆಯ ಚಿಂತೆಗಳೂ ಶುರುವಾಗಿವೆ. ಮಗನಿಗೆ ಎಂಟು ತಿಂಗಳಿದ್ದಾಗ ನಾನು ಕೆಲಸಕ್ಕೆ ಮರಳಿದೆ. ಮೊದಲ ವರ್ಷಗಳಲ್ಲಿ ಆದದ್ದು ಕೊನೆವರೆಗೂ ಉಳಿಯುತ್ತದೆ ಎನ್ನುವುದು ನಿಜವೇ? ಅವನಿಗೀಗ 16, ಒಬ್ಬನೇ ಇದ್ದಾಗ ಜಾಣ, ಗೆಳೆಯರ ಜೊತೆ ಸೇರಿದರೆ ಬುದ್ಧಿಯೇ ಇಲ್ಲದವನಂತೆ ಆಡುತ್ತಾನೆ. ನನ್ನ ವಯಸ್ಸಿನಲ್ಲಿ ಇನ್ನೇನಾದರೂ ಬೆಳೆಯುವುದು ಉಳಿದಿದೆಯೇ? 74 ವರ್ಷದ ಅಮ್ಮ ಪರಿಚಯದವರನ್ನೆಲ್ಲ ಒಬ್ಬೊಬ್ಬರಾಗಿ ಬಿಡುತ್ತಿದ್ದಾರೆ, ಅದು ಖಿನ್ನತೆಯೇ?

ಉತ್ತರ: ಮೊದಲು ಕೋಷ್ಟಕಗಳ ಗೊಂದಲ ಬಿಡಿಸೋಣ. ಪಕ್ಕಪಕ್ಕ ಇಟ್ಟು ಓದಿದರೆ ಒಂದೇ ಪ್ರಶ್ನೆಗೆ ನಾಲ್ಕು ಜನ ನಾಲ್ಕು ಉತ್ತರ ಕೊಟ್ಟ ಹಾಗೆ ಕಾಣುತ್ತದೆ. ಅವರು ಹಾಕಿಕೊಂಡ ಪ್ರಶ್ನೆಗಳೇ ಬೇರೆ ಬೇರೆ. ಮಗು ಹೇಗೆ ಯೋಚಿಸುತ್ತದೆ ಎಂದು ಪಿಯಾಜೆ ಕೇಳಿದರು. ಸರಿ ಯಾವುದು, ತಪ್ಪು ಯಾವುದು ಅನ್ನುವುದಕ್ಕೆ ಜನ ಕೊಡುವ ಕಾರಣ ವಯಸ್ಸಾದಂತೆ ಹೇಗೆ ಬದಲಾಗುತ್ತದೆ ಎಂದು ಕೋಲ್‌ಬರ್ಗ್ ಕೇಳಿದರು. ಸುತ್ತಲಿನವರ ನಡುವೆ ‘ನಾನು’ ಅನ್ನುವುದು ಹೇಗೆ ರೂಪಗೊಳ್ಳುತ್ತದೆ ಅನ್ನುವುದು ಎರಿಕ್‌ಸನ್ ಪ್ರಶ್ನೆ. ಹಂತಗಳ ಲೆಕ್ಕ ಹೊಂದದೇ ಇರುವುದು ಸಹಜವೇ.

ನನ್ನ ವಿದ್ಯಾರ್ಥಿಗಳಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಯಾವ ಸಿದ್ಧಾಂತ ಓದಿದರೂ ಅದರ ಪಕ್ಕದಲ್ಲಿ ಎರಡು ಸಾಲು ಬರೆದುಕೊಳ್ಳಿ. ಇವರು ಕೇಳಿದ್ದೇನು? ಯಾರನ್ನು ನೋಡಿ ಹೇಳಿದರು? ಈ ಎರಡನೆಯ ಸಾಲು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಸಿದ್ಧಾಂತದ ಬಲವೂ ಮಿತಿಯೂ ಅಲ್ಲೇ ಇರುತ್ತದೆ.

ಫ್ರಾಯ್ಡ್ ಅವರನ್ನೇ ತೆಗೆದುಕೊಳ್ಳಿ. ಮಕ್ಕಳ ಬೆಳವಣಿಗೆ ಬಗ್ಗೆ 1905ರಲ್ಲಿ ಬರೆದರು. ಆದರೆ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ನೋಡಿದ್ದು ತೀರಾ ಕಡಿಮೆ. ಚಿಕಿತ್ಸೆಗೆ ಬಂದ ದೊಡ್ಡವರು ತಮ್ಮ ಬಾಲ್ಯವನ್ನು ನೆನಪು ಮಾಡಿಕೊಂಡು ಹೇಳಿದ್ದೇ ಅವರಿಗೆ ಮುಖ್ಯ ಆಧಾರ. 1909ರಲ್ಲಿ ಪ್ರಕಟವಾದ ‘ಪುಟ್ಟ ಹಾನ್ಸ್’ ಎಂಬ ಹುಡುಗನ ಪ್ರಕರಣ ಕೂಡ ಬಹುಪಾಲು ಹುಡುಗನ ತಂದೆ ಬರೆದು ಕಳಿಸಿದ ಟಿಪ್ಪಣಿಗಳ ಮೇಲೆ ನಿಂತಿದೆ. ಅವರ ಐದು ಹಂತಗಳಿಗೆ ಇವತ್ತು ಸಂಶೋಧನೆಯ ಬೆಂಬಲ ಹೆಚ್ಚೇನೂ ಇಲ್ಲ. ಬಾಲ್ಯ ಮುಖ್ಯ, ಮನಸ್ಸಿನಲ್ಲಿ ನಡೆಯುವುದೆಲ್ಲ ನಮ್ಮ ಅರಿವಿಗೆ ಬರುವುದಿಲ್ಲ, ಈ ಎರಡು ಮಾತು ಮಾತ್ರ ಗಟ್ಟಿಯಾಗಿ ಉಳಿದಿವೆ. ಪರೀಕ್ಷೆಗೆ ಬೇಕು, ಓದಿಕೊಳ್ಳಿ. ಮನೆಗೆ ತರಬೇಡಿ.

ಪಿಯಾಜೆ ಇದಕ್ಕೆ ಪೂರ್ತಿ ತದ್ವಿರುದ್ಧ. 1896ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವರು. ಮೊದಲು ಓದಿದ್ದು ಜೀವಶಾಸ್ತ್ರ, ಶಂಖದ ಹುಳುಗಳ ಮೇಲೆ ಕೆಲಸ. ಆಮೇಲೆ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆಗಳನ್ನು ಸಿದ್ಧಪಡಿಸುವ ಕೆಲಸ ಸಿಕ್ಕಿತು. ಸರಿ ಉತ್ತರ ಎಷ್ಟು ಎಂದು ಎಣಿಸುವುದು ಅಲ್ಲಿನ ಕೆಲಸ. ಪಿಯಾಜೆಗೆ ತಪ್ಪು ಉತ್ತರಗಳೇ ಜಾಸ್ತಿ ಇಷ್ಟವಾದವು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪು ಮಾಡುತ್ತಿದ್ದರು. ಹಾಗಿದ್ದರೆ ಮಕ್ಕಳಿಗೆ ತಿಳಿವಳಿಕೆ ಕಡಿಮೆ ಎನ್ನುವುದು ಸರಿಯಲ್ಲ, ಅವರು ಯೋಚಿಸುವ ದಾರಿಯೇ ಬೇರೆ ಎಂದು ಅವರಿಗೆ ಹೊಳೆಯಿತು. ಆಮೇಲೆ ತಮ್ಮ ಮೂವರು ಮಕ್ಕಳನ್ನೇ ಗಂಟೆಗಟ್ಟಲೆ ನೋಡಿ, ಬರೆದಿಟ್ಟು, ಶೈಶವದ ಬಗ್ಗೆ ಸಿದ್ಧಾಂತ ಕಟ್ಟಿದರು. ನೋಟ ಅಪಾರ ಸೂಕ್ಷ್ಮ, ನೋಡಿದ್ದು ಮೂವರನ್ನು. ಎರಡನ್ನೂ ನೆನಪಿಡಿ.

ಅವರ ಒಂದು ಪ್ರಸಿದ್ಧ ಪ್ರಯೋಗವನ್ನು ಹತ್ತಿರದಿಂದ ನೋಡೋಣ. ಐದು ವರ್ಷದ ಮಗುವಿನ ಎದುರಿಗೆ ಬಿಲ್ಲೆಗಳ ಎರಡು ಸಾಲು ಇಡುತ್ತಾರೆ. ಎರಡರಲ್ಲೂ ಅಷ್ಟಷ್ಟೇ ಬಿಲ್ಲೆ, ಒಂದರ ಎದುರಿಗೆ ಒಂದು. ‘ಎರಡೂ ಸಾಲಿನಲ್ಲಿ ಒಂದೇ ಲೆಕ್ಕ ಇದೆಯಾ?’ ಎಂದು ಕೇಳಿದರೆ ಮಗು ಹೌದು ಅನ್ನುತ್ತದೆ. ಈಗ ಮಗುವಿನ ಕಣ್ಣೆದುರೇ ಒಂದು ಸಾಲಿನ ಬಿಲ್ಲೆಗಳನ್ನು ದೂರ ದೂರ ಸರಿಸುತ್ತಾರೆ. ಮತ್ತೆ ಅದೇ ಪ್ರಶ್ನೆ. ಈ ಸಲ ಮಗು ಉದ್ದ ಸಾಲನ್ನು ತೋರಿಸಿ ‘ಇದರಲ್ಲಿ ಜಾಸ್ತಿ’ ಅನ್ನುತ್ತದೆ. ಏಳು ವರ್ಷದ ಆಸುಪಾಸಿಗೆ ಈ ತಪ್ಪು ಹೋಗುತ್ತದೆ. ಸಾಲು ಉದ್ದವಾದರೂ ಲೆಕ್ಕ ಬದಲಾಗಲಿಲ್ಲ ಎಂದು ಮನಸ್ಸಿನಲ್ಲೇ ಹಿಂದಕ್ಕೆ ತಿರುಗಿಸಿ ನೋಡುವ ಶಕ್ತಿ ಆಗ ಬರುತ್ತದೆ, ಅದಕ್ಕೆ ಮೂರ್ತ ಕ್ರಿಯಾ ಹಂತ ಎಂದು ಪಿಯಾಜೆ ಹೆಸರಿಟ್ಟರು.

ಈಗ 1974ಕ್ಕೆ ಬನ್ನಿ. ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬ ಇಬ್ಬರು ಇದೇ ಪ್ರಯೋಗದಲ್ಲಿ ಒಂದೇ ಒಂದು ಬದಲಾವಣೆ ಮಾಡಿದರು. ಬಿಲ್ಲೆ ಸರಿಸಿದ್ದು ದೊಡ್ಡವರಲ್ಲ, ತುಂಟ ಟೆಡ್ಡಿ ಗೊಂಬೆ. ಪೆಟ್ಟಿಗೆಯಿಂದ ಹಾರಿ ಬಂದು ಆಟ ಕೆಡಿಸಿ ಹೋಯಿತು. ‘ಅಯ್ಯೋ, ಈ ಟೆಡ್ಡಿ ಎಲ್ಲ ಹಾಳು ಮಾಡಿತು! ಈಗಲೂ ಎರಡೂ ಒಂದೇ ಲೆಕ್ಕ ಇದೆಯಾ?’ ಎಂದು ಕೇಳಿದಾಗ, ಮೊದಲ ರೀತಿಯಲ್ಲಿ ಎಡವುತ್ತಿದ್ದ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಬಹಳಷ್ಟು ಜನ ಸರಿಯಾಗಿ ಹೇಳಿದರು. ಯಾಕೆ? ದೊಡ್ಡವರೊಬ್ಬರು ಬೇಕಂತಲೇ ಏನನ್ನೋ ಸರಿಸಿ, ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರೆ ‘ಉತ್ತರ ಬದಲಾಯಿಸು’ ಅನ್ನುತ್ತಿದ್ದಾರೆ ಎಂದು ಮಗುವಿಗೆ ಅನಿಸುತ್ತದೆ. ಎಷ್ಟು ಜಾಣತನ ಅಲ್ವಾ! ಮಗು ಬಿಲ್ಲೆಯನ್ನು ಬಿಟ್ಟು ಮನುಷ್ಯರನ್ನು ಓದುತ್ತಿತ್ತು.

ಇದರಿಂದ ಪಿಯಾಜೆ ಬಿದ್ದುಹೋದರು ಅಂತಲ್ಲ. ಚಿಕ್ಕ ಮಕ್ಕಳ ಯೋಚನೆ ಬೇರೆ ಥರದ್ದು, ಅದು ಒಂದು ಕ್ರಮದಲ್ಲಿ ಬೆಳೆಯುತ್ತದೆ ಅನ್ನುವ ಅವರ ಮೂಲ ಮಾತು ನಿಂತಿದೆ. ಅಲುಗಾಡಿದ್ದು ವಯಸ್ಸಿನ ಅಂಕಿಗಳು. 1980ರ ದಶಕದಲ್ಲಿ ರೆನೀ ಬೈಯಾರ್ಜಾನ್ ಮೂರು-ನಾಲ್ಕು ತಿಂಗಳ ಶಿಶುಗಳ ಮೇಲೆ ಪ್ರಯೋಗ ಮಾಡಿದರು. ಮರೆಯಾದ ವಸ್ತು ಅಲ್ಲೇ ಇರಬೇಕಿತ್ತು ಎಂದು ಆ ಪುಟ್ಟ ಶಿಶುಗಳೂ ನಿರೀಕ್ಷಿಸುವ ಹಾಗೆ ಕಾಣುತ್ತದೆ, ಆಗದ ಸಂಗತಿಯೊಂದು ಕಂಡರೆ ಜಾಸ್ತಿ ಹೊತ್ತು ದಿಟ್ಟಿಸುತ್ತವೆ. ಪಿಯಾಜೆ ಪ್ರಕಾರ ಇದಕ್ಕೆ ಎಂಟು ತಿಂಗಳಾದರೂ ಆಗಬೇಕು. ಹಾಗಾಗಿ ಕೋಷ್ಟಕದ ವಯಸ್ಸಿನ ಅಂಕಣವನ್ನು ಪೆನ್ಸಿಲ್‌ನಲ್ಲಿ ಬರೆದಿದೆ ಎಂದುಕೊಳ್ಳಿ. ಕ್ರಮದ ಅಂಕಣವನ್ನು ಪೆನ್ನಿನಲ್ಲಿ.

ಪಿಯಾಜೆ ಹುಟ್ಟಿದ ವರ್ಷವೇ ರಷ್ಯನ್ ಸಾಮ್ರಾಜ್ಯದ ಓರ್ಶಾದಲ್ಲಿ ಲೆವ್ ವೈಗೋಟ್‌ಸ್ಕಿ ಹುಟ್ಟಿದರು. ಕ್ಷಯದಿಂದ 37ಕ್ಕೇ ಹೋದರು. ಎರಡು ವರ್ಷದೊಳಗೆ ಸೋವಿಯತ್ ಸರ್ಕಾರದ ಆದೇಶವೊಂದರಿಂದ ಅವರ ಬರಹಗಳು ಮೂಲೆ ಸೇರಿದವು. ಇಂಗ್ಲಿಷ್‌ನಲ್ಲಿ ಅವರ ಮುಖ್ಯ ಪುಸ್ತಕ ಬಂದಿದ್ದು 1962ರಲ್ಲಿ. ಪಿಯಾಜೆಗೂ ಇವರಿಗೂ ಇರುವ ಭೇದ ಒಂದು ಸಣ್ಣ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ನಾಲ್ಕು ವರ್ಷದ ಮಗು ಆಡುವಾಗ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತದಲ್ಲ? ‘ಇದು ಇಲ್ಲಿ... ಇಲ್ಲ, ದೊಡ್ಡದು ಕೆಳಗೆ...’ ಅಂತ. ಬೇರೆಯವರ ದೃಷ್ಟಿ ಮಗುವಿಗೆ ಇನ್ನೂ ಸಿಕ್ಕಿಲ್ಲ, ಅದಕ್ಕೇ ಈ ಮಾತು, ದೊಡ್ಡದಾದಂತೆ ಹೋಗುತ್ತದೆ ಎಂದರು ಪಿಯಾಜೆ. ಹೋಗುವುದಿಲ್ಲ, ಒಳಗೆ ಇಳಿಯುತ್ತದೆ ಎಂದರು ವೈಗೋಟ್‌ಸ್ಕಿ. ದೊಡ್ಡವರು ಮಗುವಿಗೆ ಹೇಳಿಕೊಟ್ಟ ಮಾತನ್ನೇ ಮಗು ತನಗೆ ತಾನು ಹೇಳಿಕೊಳ್ಳುತ್ತದೆ, ಕೊನೆಗೆ ಅದೇ ಸದ್ದಿಲ್ಲದ ಯೋಚನೆಯಾಗುತ್ತದೆ. ಕೆಲಸ ಕಷ್ಟವಾದಷ್ಟೂ ಈ ಗುನುಗು ಜಾಸ್ತಿಯಾಗುವುದನ್ನು ಅವರು ಗಮನಿಸಿದ್ದರು. ಇಲ್ಲಿ ನನ್ನ ಮತ ವೈಗೋಟ್‌ಸ್ಕಿಗೆ. ಆಮೇಲಿನ ಸಂಶೋಧನೆಯೂ ಅವರ ಕಡೆಗೇ ವಾಲಿದೆ. ಒಬ್ಬನೇ ಮಾಡಲಾಗದ, ಆದರೆ ಬಲ್ಲವರು ಜೊತೆಗಿದ್ದರೆ ಮಾಡಬಲ್ಲ ಕೆಲಸಗಳ ವಲಯವೇ ಕಲಿಕೆ ನಡೆಯುವ ಜಾಗ ಅನ್ನುವ ಅವರ ಮಾತು ಶಿಕ್ಷಕರಿಗೆಲ್ಲ ಬಾಯಿಪಾಠ. ನಿಮ್ಮ ಪರೀಕ್ಷೆಯಲ್ಲೂ ಬರುತ್ತದೆ.

ಕೋಲ್‌ಬರ್ಗ್ ವಿಷಯ ಬೇಗ ಮುಗಿಸುತ್ತೇನೆ. 1958ರ ಪ್ರಬಂಧಕ್ಕೆ ಅವರು ಮಾತಾಡಿಸಿದ್ದು ಷಿಕಾಗೋದ 72 ಹುಡುಗರನ್ನು. ಬರೀ ಹುಡುಗರು. ಸಾಯುತ್ತಿರುವ ಹೆಂಡತಿಗಾಗಿ ಗಂಡ ಔಷಧಿ ಕದಿಯಬಹುದೇ ಎಂಬಂಥ ಸಂದಿಗ್ಧಗಳನ್ನು ಮುಂದಿಟ್ಟು, ಉತ್ತರಕ್ಕಿಂತ ಕಾರಣವನ್ನು ತೂಗಿದರು. ಆರನೆಯ ಹಂತ ಮುಟ್ಟಿದವರು ಸಿಗುವುದು ಎಷ್ಟು ಕಷ್ಟವಾಯಿತೆಂದರೆ, ಕೊನೆಗೆ ಅಂಕ ಕೊಡುವ ಕೈಪಿಡಿಯಿಂದ ಅದನ್ನೇ ಕೈಬಿಟ್ಟರು. ಹೆಣ್ಣುಮಕ್ಕಳನ್ನು ಕೇಳದೆ ಇದೆಂಥ ಮಾನವ ನೀತಿ ಎಂದು 1982ರಲ್ಲಿ ಕ್ಯಾರಲ್ ಗಿಲಿಗನ್ ಎತ್ತಿದ ಪ್ರಶ್ನೆ ತೀರಾ ನ್ಯಾಯದ್ದು. ಆದರೆ ಹೆಣ್ಣು ಗಂಡಿನ ನೈತಿಕ ಯೋಚನೆಯಲ್ಲಿ ದೊಡ್ಡ ಅಂತರವಿದೆ ಎಂಬ ಅವರ ಉತ್ತರಕ್ಕೆ ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ಬಲ ಸಿಗಲಿಲ್ಲ.

ಈಗ ನಿಮ್ಮನ್ನು ನಿಜವಾಗಿ ಕಾಡುತ್ತಿರುವ ವಿಷಯ. ಎಂಟು ತಿಂಗಳ ಮಗುವನ್ನು ಬಿಟ್ಟು ಕೆಲಸಕ್ಕೆ ಹೋದದ್ದು.

ಈ ಭಯ ಶುರುವಾಗಿದ್ದು ಬ್ರಿಟಿಷ್ ಮನೋವೈದ್ಯ ಜಾನ್ ಬೋಲ್ಬಿ ಅವರಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ, ಮನೆಯಿಲ್ಲದ ಮಕ್ಕಳು ಬಹಳ. ಅಂಥವರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬೋಲ್ಬಿ 1951ರಲ್ಲಿ ವರದಿ ಬರೆದರು. ಒಬ್ಬರೊಂದಿಗೆ ಗಟ್ಟಿಯಾದ, ಮುರಿಯದ ಬಾಂಧವ್ಯ ಮಗುವಿಗೆ ಅನ್ನ ನೀರಿನಷ್ಟೇ ಅಗತ್ಯ ಎಂಬುದು ಅದರ ಸಾರ. ಯಾರನ್ನು ನೋಡಿ ಹೇಳಿದರು? ಅನಾಥಾಲಯಗಳಲ್ಲಿ, ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಮ್ಮವರಿಲ್ಲದೆ ಬೆಳೆದ ಮಕ್ಕಳನ್ನು. ಆ ಮಾತನ್ನು ಎತ್ತಿ, ಬೆಳಗ್ಗೆ ಹೋಗಿ ಸಂಜೆ ಬರುವ ಅಮ್ಮಂದಿರ ತಲೆ ಮೇಲೆ ಹಾಕಿದ್ದು ಅನ್ಯಾಯ. 1972ರಲ್ಲೇ ಮೈಕಲ್ ರಟರ್ ಈ ಗೋಜಲನ್ನು ಬಿಡಿಸಿ ತೋರಿಸಿದರು. ಬಾಂಧವ್ಯ ಮುರಿಯುವುದು ಬೇರೆ, ಬಾಂಧವ್ಯವೇ ಹುಟ್ಟದಿರುವುದು ಬೇರೆ, ದಿನದಲ್ಲಿ ಕೆಲವು ಗಂಟೆ ಅಗಲಿರುವುದು ಇನ್ನೂ ಬೇರೆ.

ಬಾಂಧವ್ಯವನ್ನು ಅಳೆದದ್ದು ಮೇರಿ ಐನ್ಸ್‌ವರ್ತ್. 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ತಾಯಿ-ಮಕ್ಕಳನ್ನು ಮನೆಯಲ್ಲೇ ಗಮನಿಸಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಂದು ಪರೀಕ್ಷೆ ರೂಪಿಸಿದರು. ಸುಮಾರು ಒಂದು ವರ್ಷದ ಮಗು, ಅಮ್ಮ, ಒಂದು ಹೊಸ ಕೋಣೆ, ನೆಲದ ಮೇಲೆ ಆಟಿಕೆ. ಅಪರಿಚಿತರೊಬ್ಬರು ಒಳಗೆ ಬರುತ್ತಾರೆ. ಅಮ್ಮ ಹೊರಗೆ ಹೋಗುತ್ತಾಳೆ. ಮೂರು ನಿಮಿಷಕ್ಕೆ ವಾಪಸ್ ಬರುತ್ತಾಳೆ. ಮತ್ತೆ ಹೋಗುತ್ತಾಳೆ, ಈ ಸಲ ಮಗು ಒಂದೇ. ಒಟ್ಟು ಇಪ್ಪತ್ತು ನಿಮಿಷದ ಆಟ. ಅಮ್ಮ ಹೋದಾಗ ಮಗು ಎಷ್ಟು ಅತ್ತಿತು ಅನ್ನುವುದನ್ನೇ ಎಲ್ಲರೂ ನೋಡುತ್ತಾರೆ. ಐನ್ಸ್‌ವರ್ತ್ ಮುಖ್ಯವಾಗಿ ನೋಡಿದ್ದು ಅಮ್ಮ ಬಂದಾಗ ಏನಾಯಿತು ಅಂತ. ಓಡಿ ಬಂದು ಅಪ್ಪಿಕೊಂಡು, ಸಮಾಧಾನವಾಗಿ, ಮತ್ತೆ ಆಟಕ್ಕೆ ಮರಳುವ ಮಗುವಿನದ್ದು ಸುರಕ್ಷಿತ ಬಾಂಧವ್ಯ. ಬಂದರೂ ಕಣ್ಣೆತ್ತಿ ನೋಡದ ಮಗು ಒಂದು ಥರ, ಅಪ್ಪಿಕೊಂಡೂ ಒದ್ದಾಡುವ, ಸಮಾಧಾನವೇ ಆಗದ ಮಗು ಇನ್ನೊಂದು ಥರ. ಮುಂದೆ ಮೇರಿ ಮೇನ್ ಮತ್ತು ಜುಡಿತ್ ಸಾಲೊಮನ್ ನಾಲ್ಕನೆಯ ಗುಂಪನ್ನೂ ಗುರುತಿಸಿದರು. ಹತ್ತಿರ ಹೋಗಲೋ ಬೇಡವೋ ಎಂದು ದಿಕ್ಕು ತೋಚದೆ ನಿಂತುಬಿಡುವ ಮಕ್ಕಳು ಅವು.

ನಿಮಗೆ ನೇರ ಉತ್ತರ ಕೊಡುವ ಅಧ್ಯಯನವೂ ಇದೆ. ಅಮೆರಿಕದಲ್ಲಿ 1991ರಿಂದ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿದರು. ಬೇರೆಯವರ ಆರೈಕೆಯಲ್ಲಿ ಇದ್ದದ್ದರಿಂದಲೇ ಬಾಂಧವ್ಯ ಕೆಡುತ್ತದೆ ಎಂದು ಕಂಡುಬರಲಿಲ್ಲ. ಅಮ್ಮನ ಸ್ಪಂದನೆಯೂ ಕಡಿಮೆ, ಹೊರಗಿನ ಆರೈಕೆಯೂ ಕಳಪೆ, ಹೀಗೆ ಎರಡೂ ಸೇರಿದ ಕಡೆ ಅಪಾಯ ಹೆಚ್ಚಿತ್ತು. ಇನ್ನು, ಮಗು ಅಂಟಿಕೊಳ್ಳುವುದು ಒಬ್ಬರಿಗೇ ಅನ್ನುವುದೂ ತಪ್ಪು. ಗ್ಲಾಸ್ಗೋದ 60 ಶಿಶುಗಳನ್ನು ನೋಡಿದ ಶಾಫರ್ ಮತ್ತು ಎಮರ್ಸನ್ 1964ರಲ್ಲೇ ಹೇಳಿದ್ದರು: ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಒಬ್ಬರಿಗಿಂತ ಹೆಚ್ಚು ಆಪ್ತರಿರುತ್ತಾರೆ. ಅಪ್ಪ, ಅಜ್ಜಿ, ನೋಡಿಕೊಳ್ಳುವವರು, ಯಾರಾದರೂ ಆಗಬಹುದು.

ಹಾಗಂತ ಮೊದಲ ವರ್ಷಗಳು ಲೆಕ್ಕಕ್ಕಿಲ್ಲ ಅನ್ನಲಾಗದು. ರೊಮೇನಿಯಾದ ಅನಾಥಾಲಯಗಳಲ್ಲಿ, ಎತ್ತಿಕೊಳ್ಳುವವರೂ ಮಾತಾಡಿಸುವವರೂ ಇಲ್ಲದೆ ಮಲಗಿದ್ದ ಶಿಶುಗಳ ಕಥೆ ಗೊತ್ತಿರಬಹುದು. ಅವರಲ್ಲಿ ಬ್ರಿಟನ್ನಿಗೆ ದತ್ತು ಹೋದವರನ್ನು ರಟರ್ ತಂಡ ದೊಡ್ಡವರಾಗುವವರೆಗೂ ಹಿಂಬಾಲಿಸಿತು. ಆರು ತಿಂಗಳೊಳಗೆ ಅಲ್ಲಿಂದ ಹೊರಬಂದವರು ಬಹುಪಾಲು ಚೇತರಿಸಿಕೊಂಡರು. ಅದಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ ಅನೇಕರಿಗೆ ತೊಂದರೆ ಉಳಿಯಿತು, ಆದರೂ ಕೆಲವರು ಯಾವ ತೊಂದರೆಯೂ ಇಲ್ಲದೆ ಬೆಳೆದರು. ಹವಾಯಿಯ ಕೌಆಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ದಶಕಗಳ ಕಾಲ ನೋಡಿದರು. ಬಡತನ, ಮನೆಯಲ್ಲಿ ಜಗಳ, ಅಪ್ಪ-ಅಮ್ಮನ ಕುಡಿತ ಅಥವಾ ಮಾನಸಿಕ ಕಾಯಿಲೆ, ಹೀಗೆ ಹಲವು ಕಷ್ಟ ಒಟ್ಟಿಗೆ ಹೊತ್ತ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಬ್ಬರು ಸಮರ್ಥರಾಗಿ, ಆತ್ಮವಿಶ್ವಾಸವುಳ್ಳವರಾಗಿ ಬೆಳೆದರು. ಅವರಲ್ಲಿ ಪದೇ ಪದೇ ಕಂಡದ್ದು, ಮನೆಯ ಒಳಗೋ ಹೊರಗೋ ಕೈ ಬಿಡದ ಒಬ್ಬ ದೊಡ್ಡವರು. ನಿಮ್ಮ ಮಗನಿಗೆ ನೀವು ಪ್ರತಿ ಸಂಜೆ ಸಿಕ್ಕಿದ್ದೀರಿ. ಈ ವಿಷಯಕ್ಕೆ ಇನ್ನು ನಿದ್ದೆ ಕೆಡಿಸಿಕೊಳ್ಳಬೇಡಿ.

ಇಲ್ಲೇ ಒಂದು ಪಕ್ಕದ ಮಾತು. ಈ ಪ್ರಯೋಗಗಳ ಭರಾಟೆ ನೋಡಿ ಯೂರಿ ಬ್ರಾನ್‌ಫೆನ್‌ಬ್ರೆನ್ನರ್ 1970ರ ದಶಕದಲ್ಲಿ ಚೆನ್ನಾಗಿ ಕುಟುಕಿದ್ದರು. ವಿಚಿತ್ರ ಜಾಗದಲ್ಲಿ, ವಿಚಿತ್ರ ದೊಡ್ಡವರ ಜೊತೆ, ಆದಷ್ಟು ಕಡಿಮೆ ಹೊತ್ತು ಮಕ್ಕಳು ತೋರುವ ವಿಚಿತ್ರ ವರ್ತನೆಯ ವಿಜ್ಞಾನ ನಮ್ಮದು ಎಂಬರ್ಥದ ಮಾತು ಅದು. ಮನೆ, ಶಾಲೆ, ಅವುಗಳ ನಡುವಿನ ಸಂಬಂಧ, ಮಗು ಕಾಲೇ ಇಡದ ಅಪ್ಪ-ಅಮ್ಮನ ಕೆಲಸದ ಜಾಗ, ದೇಶದ ಕಾನೂನು, ಎಲ್ಲವೂ ಸೇರಿ ಮಗುವನ್ನು ಬೆಳೆಸುತ್ತವೆ ಎಂದು 1979ರಲ್ಲಿ ಅವರು ವಾದಿಸಿದರು. ಎಂಟು ತಿಂಗಳಿಗೇ ಅಮ್ಮ ಕೆಲಸಕ್ಕೆ ಮರಳಬೇಕಾದದ್ದು ಅವಳ ಗುಣದ ಪ್ರಶ್ನೆಯೋ, ರಜೆಯ ನಿಯಮದ ಪ್ರಶ್ನೆಯೋ? ಅವರ ಚೌಕಟ್ಟಿನಲ್ಲಿ ಇಂಥದ್ದನ್ನು ಕೇಳಲು ಜಾಗವಿದೆ. ಪಠ್ಯಪುಸ್ತಕಗಳಲ್ಲಿ ಈ ಚೌಕಟ್ಟನ್ನು ಒಂದರೊಳಗೊಂದು ಐದು ವೃತ್ತವಾಗಿ ತೋರಿಸುತ್ತಾರೆ. ಆ ಚಿತ್ರ ಬಿಡಿಸಿ ಅಂಕ ತೆಗೆದುಕೊಂಡು ಮರೆತುಬಿಡುವವರೇ ಜಾಸ್ತಿ, ಅದು ಬೇಸರ.

ಹದಿನಾರರ ಮಗನಿಗೆ ಬರೋಣ. ಹದಿಹರೆಯದ ಕೆಲಸ ‘ನಾನು ಯಾರು’ ಎಂದು ಕಂಡುಕೊಳ್ಳುವುದು ಎಂದವರು ಎರಿಕ್‌ಸನ್. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಹೆತ್ತ ತಂದೆ ಯಾರೆಂದು ಅವರಿಗೆ ಕೊನೆವರೆಗೂ ಗೊತ್ತಾಗಲಿಲ್ಲ. ಮಲತಂದೆಯ ಹೆಸರಿನಲ್ಲಿ ಬೆಳೆದು, ಅಮೆರಿಕಕ್ಕೆ ಹೋದ ಮೇಲೆ ಎರಿಕ್‌ಸನ್ ಎಂಬ ಹೆಸರು ಇಟ್ಟುಕೊಂಡರು. ವಿಶ್ವವಿದ್ಯಾಲಯದ ಪದವಿ ಇಲ್ಲದೆಯೇ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾದರು. ಗುರುತಿನ ಬಿಕ್ಕಟ್ಟನ್ನು ಇವರು ಅಷ್ಟು ಹತ್ತಿರದಿಂದ ಬರೆದದ್ದರಲ್ಲಿ ಆಶ್ಚರ್ಯವಿಲ್ಲ. 1966ರಲ್ಲಿ ಜೇಮ್ಸ್ ಮಾರ್ಷಿಯಾ ಆ ಯೋಚನೆಯನ್ನು ಪರೀಕ್ಷಿಸಬಹುದಾದ ರೂಪಕ್ಕೆ ತಂದರು. ಕೇಳಿದ್ದು ಎರಡೇ: ಹುಡುಕಾಡಿದ್ದೀಯಾ, ಯಾವುದಕ್ಕಾದರೂ ಗಟ್ಟಿಯಾಗಿ ನಿಂತಿದ್ದೀಯಾ? ಹುಡುಕದೆಯೇ ಮನೆಯವರು ಹೇಳಿದ್ದಕ್ಕೆ ನಿಂತವರು ಹೊರಗಿನಿಂದ ತುಂಬ ಸ್ಥಿರವಾಗಿ ಕಾಣುತ್ತಾರೆ. ದಿನಕ್ಕೊಂದು ಮಾತಾಡುತ್ತಾ ಹುಡುಕುತ್ತಿರುವವರು ಮನೆಯವರ ತಲೆ ತಿನ್ನುತ್ತಾರೆ, ಆದರೆ ಕೆಲಸ ನಡೆದಿರುವುದು ಅಲ್ಲೇ.

ಗೆಳೆಯರ ಜೊತೆ ಸೇರಿದಾಗ ಬುದ್ಧಿ ಹೋಗುವುದು ಇದಕ್ಕಿಂತ ಬೇರೆ ವಿಷಯ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಕಂಪ್ಯೂಟರ್‌ನಲ್ಲಿ ಕಾರ್ ಓಡಿಸುವ ಆಟ ಆಡಿಸಿದರು. ಹಳದಿ ದೀಪ ಬಂದ ಮೇಲೂ ಎಷ್ಟು ದೂರ ನುಗ್ಗುತ್ತಾರೆ ಎಂದು ನೋಡಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಎಷ್ಟೋ ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. 24 ದಾಟಿದವರಿಗೆ ಗೆಳೆಯರು ಇದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸ ಇರಲಿಲ್ಲ. ಮಿದುಳಿನಲ್ಲಿ ಖುಷಿ, ಮೆಚ್ಚುಗೆಗೆ ಮಿಡಿಯುವ ವ್ಯವಸ್ಥೆ ಬೇಗ ಚುರುಕಾಗುತ್ತದೆ. ತಡೆದು ಯೋಚಿಸುವ ಮುಂಭಾಗ ಇಪ್ಪತ್ತರ ನಡುಭಾಗದವರೆಗೂ ಬಲಿಯುತ್ತಲೇ ಇರುತ್ತದೆ. ಆದ್ದರಿಂದ ‘ನಿನಗೆ ಗೊತ್ತಾಗಲ್ವಾ?’ ಎಂದು ಬೈಯುವುದು ದಂಡ. ಅವನಿಗೆ ಗೊತ್ತು. ಗೊತ್ತಿರುವುದು ಆ ಹೊತ್ತಿಗೆ ಕೈಗೆ ಸಿಗುವುದಿಲ್ಲ, ಅಷ್ಟೇ. ಉಪದೇಶಕ್ಕಿಂತ ಏರ್ಪಾಡು ಕೆಲಸ ಮಾಡುತ್ತದೆ. ಎಲ್ಲಿಗೆ, ಯಾರ ಜೊತೆ, ವಾಪಸ್ ಬರುವುದು ಹೇಗೆ ಅನ್ನುವುದನ್ನು ಅವನು ಒಬ್ಬನೇ ಇದ್ದಾಗ, ಶಾಂತವಾಗಿದ್ದಾಗ ಮಾತಾಡಿ ಮುಗಿಸಿಡಿ.

ನಿಮ್ಮ ಸರದಿ. ಫ್ರಾಯ್ಡ್ ಹರೆಯಕ್ಕೇ ನಿಂತರು, ಪಿಯಾಜೆಯೂ ಹೆಚ್ಚುಕಡಿಮೆ ಅಲ್ಲೇ ನಿಂತರು. ಬದುಕಿನ ಉದ್ದಕ್ಕೂ ಹಂತಗಳನ್ನು ಎಳೆದದ್ದು ಎರಿಕ್‌ಸನ್ ಅವರ ದೊಡ್ಡ ಕೊಡುಗೆ. 1950ರಲ್ಲಿ ಬಂದ ಆ ಎಂಟು ಹಂತಗಳಲ್ಲಿ ನಿಮ್ಮದು ಏಳನೆಯದು: ಮುಂದಿನವರಿಗಾಗಿ ಏನನ್ನಾದರೂ ಬೆಳೆಸುವ ತವಕ ಒಂದು ಕಡೆ, ಸುಮ್ನೆ ತನ್ನಲ್ಲೇ ನಿಂತುಬಿಡುವುದು ಇನ್ನೊಂದು ಕಡೆ. ಮಕ್ಕಳೇ ಆಗಬೇಕಿಲ್ಲ. ಕಲಿಸುವುದು, ಕಟ್ಟುವುದು, ಕಿರಿಯರಿಗೆ ದಾರಿ ಮಾಡಿಕೊಡುವುದು ಎಲ್ಲವೂ ಇದರಲ್ಲಿ ಸೇರುತ್ತದೆ.

‘ಮಧ್ಯವಯಸ್ಸಿನ ಬಿಕ್ಕಟ್ಟು’ ಅನ್ನುವುದನ್ನು ಮಾತ್ರ ಅನುಮಾನದಿಂದ ನೋಡಿ. ಆ ಮಾತನ್ನು 1965ರಲ್ಲಿ ಎಲಿಯಟ್ ಜಾಕ್ಸ್ ಚಾಲ್ತಿಗೆ ತಂದದ್ದು ಬಹುಮಟ್ಟಿಗೆ ಹೆಸರಾಂತ ಕಲಾವಿದರ ಜೀವನಗಳನ್ನು ಇಟ್ಟುಕೊಂಡು. 1978ರಲ್ಲಿ ಡೇನಿಯಲ್ ಲೆವಿನ್ಸನ್ ಅದಕ್ಕೆ ಪ್ರಚಾರ ಕೊಟ್ಟರು, ಅವರು ಮಾತಾಡಿಸಿದ್ದು 40 ಗಂಡಸರನ್ನು. ಆಮೇಲೆ ಅಮೆರಿಕದಲ್ಲಿ ದೊಡ್ಡ ಸಮೀಕ್ಷೆಯ ಭಾಗವಾಗಿ ಕೇಳಿದಾಗ, ತಮಗೆ ಅಂಥ ಬಿಕ್ಕಟ್ಟು ಬಂದಿತ್ತು ಎಂದವರು ಸುಮಾರು ಕಾಲುಭಾಗ. ಅವರಲ್ಲೂ ಅನೇಕರು ಹೇಳಿದ್ದು ಕೆಲಸ ಹೋದದ್ದು, ವಿಚ್ಛೇದನ, ಸಾವು, ಇಂಥ ಯಾವ ವಯಸ್ಸಿನಲ್ಲಾದರೂ ಬರಬಹುದಾದ ಪೆಟ್ಟುಗಳನ್ನು.

ಬುದ್ಧಿಶಕ್ತಿಯ ವಿಷಯವೂ ಹೀಗೇ. ಬೇರೆ ಬೇರೆ ವಯಸ್ಸಿನವರನ್ನು ಒಂದೇ ದಿನ ಪರೀಕ್ಷಿಸಿದರೆ ಮೂವತ್ತರಿಂದಲೇ ಇಳಿಮುಖ ಕಾಣುತ್ತದೆ. ವಾರ್ನರ್ ಶೈ 1956ರಲ್ಲಿ ಸಿಯಾಟಲ್‌ನಲ್ಲಿ ಶುರು ಮಾಡಿದ ಅಧ್ಯಯನ ಅದೇ ಜನರನ್ನು ಏಳು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸಿತು. ಆಗ ಬೇರೆಯೇ ಚಿತ್ರ ಬಂತು. ವೇಗ ಬೇಗ ಕುಗ್ಗುತ್ತದೆ, ನಿಜ. ಶಬ್ದಜ್ಞಾನ, ತರ್ಕ ಮುಂತಾದವು ಅರವತ್ತರ ಆಸುಪಾಸಿನವರೆಗೂ ಹೆಚ್ಚಿನವರಲ್ಲಿ ಚೆನ್ನಾಗಿಯೇ ಉಳಿಯುತ್ತವೆ. ಮೊದಲ ರೀತಿಯಲ್ಲಿ ಕಂಡ ಇಳಿತದಲ್ಲಿ ದೊಡ್ಡ ಪಾಲು ತಲೆಮಾರಿನದ್ದು: ಹಳಬರಿಗೆ ಶಾಲೆ ಸಿಕ್ಕಿದ್ದೇ ಕಡಿಮೆ. 1986ರಲ್ಲಿ ಶೈ ಮತ್ತು ಶೆರಿ ವಿಲಿಸ್ ವೃದ್ಧರಿಗೆ ಐದೇ ಪಾಠ ಕೊಟ್ಟು ನೋಡಿದರು. ಇಳಿಮುಖವಾಗಿದ್ದವರಲ್ಲಿ ಸುಮಾರು ನೂರಕ್ಕೆ ನಲವತ್ತು ಜನ 14 ವರ್ಷ ಹಿಂದಿನ ತಮ್ಮ ಮಟ್ಟಕ್ಕೆ ಮರಳಿದರು. 46ಕ್ಕೆ ಪದವಿ ಓದುವುದರಲ್ಲಿ ವಿಶೇಷವೇನೂ ಇಲ್ಲ, ಓದುವ ರೀತಿ ಮಾತ್ರ ಬದಲಾಯಿಸಿಕೊಳ್ಳಿ. ಗಡಿಬಿಡಿಯ ಬಾಯಿಪಾಠ ಬಿಡಿ, ಬದುಕಿನ ಅನುಭವಕ್ಕೆ ತಗುಲಿಸಿ ಓದಿ.

ನನ್ನನ್ನು ಕೇಳಿದರೆ, ಬೆಳವಣಿಗೆಯ ಮನಶ್ಶಾಸ್ತ್ರ ಎಂಬ ಈ ಇಡೀ ಶಾಖೆಯಲ್ಲಿ ಹೆಚ್ಚು ಕೆಲಸಕ್ಕೆ ಬರುವ ಯೋಚನೆ ಬರ್ಲಿನ್‌ನ ಪಾಲ್ ಬಾಲ್ಟಿಸ್ ಅವರದ್ದು. ಬೆಳವಣಿಗೆ ಎಂದರೆ ಇಪ್ಪತ್ತರವರೆಗೆ ಏರುವುದು, ಆಮೇಲೆ ಇಳಿಯುವುದು ಅನ್ನುವುದನ್ನು ಅವರು ಒಪ್ಪಲಿಲ್ಲ. ಹುಟ್ಟಿನಿಂದ ಸಾವಿನವರೆಗೂ ಪ್ರತಿ ವಯಸ್ಸಿನಲ್ಲೂ ಗಳಿಕೆ, ನಷ್ಟ ಎರಡೂ ಇರುತ್ತವೆ, ಅನುಪಾತ ಮಾತ್ರ ಬದಲಾಗುತ್ತದೆ. ಚೆನ್ನಾಗಿ ವಯಸ್ಸಾಗುವವರು ಮೂರು ಕೆಲಸ ಮಾಡುತ್ತಾರೆ: ಆಯ್ದುಕೊಳ್ಳುತ್ತಾರೆ, ಆಯ್ದದ್ದನ್ನು ಚೆನ್ನಾಗಿ ಮಾಡುತ್ತಾರೆ, ಕುಗ್ಗಿದ್ದನ್ನು ಬೇರೆ ದಾರಿಯಿಂದ ಸರಿದೂಗಿಸುತ್ತಾರೆ. ಅವರು ಕೊಡುತ್ತಿದ್ದ ಉದಾಹರಣೆ ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್. ಎಂಬತ್ತರಲ್ಲೂ ಹೀಗೆ ನುಡಿಸುವುದು ಹೇಗೆ ಎಂದರೆ, ಕಡಿಮೆ ಕೃತಿಗಳನ್ನು ನುಡಿಸುತ್ತೇನೆ, ಅವನ್ನೇ ಹೆಚ್ಚು ಅಭ್ಯಾಸ ಮಾಡುತ್ತೇನೆ ಎಂದರಂತೆ. ಮೂರನೆಯದು ಜಾಣ್ಮೆಯದ್ದು. ವೇಗದ ಭಾಗ ಬರುವ ಮುಂಚೆ ನುಡಿತವನ್ನು ಬೇಕಂತಲೇ ನಿಧಾನ ಮಾಡುತ್ತಿದ್ದರು, ಆಗ ಮುಂದಿನದು ಕೇಳುವವರಿಗೆ ವೇಗವಾಗಿಯೇ ಕೇಳುತ್ತಿತ್ತು.

ಒಂದು ಎಚ್ಚರಿಕೆ ಹೇಳಿ ಅಮ್ಮನ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳನ್ನು ಲೆಕ್ಕ ಹಾಕಿ ಜೆಫ್ರಿ ಆರ್ನೆಟ್ 2008ರಲ್ಲಿ ತೋರಿಸಿದ್ದು ಇದು: ಅಧ್ಯಯನಕ್ಕೆ ಒಳಗಾದವರಲ್ಲಿ ಶೇ. 96 ಜನ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು, ಲೋಕದ ಜನಸಂಖ್ಯೆಯಲ್ಲಿ ಆ ದೇಶಗಳ ಪಾಲು ಸುಮಾರು ಶೇ. 12. ಉತ್ತರಪತ್ರಿಕೆಯ ಕೊನೆಗೆ ಈ ಮಾತು ಸೇರಿಸಿ. ‘ಯಾರನ್ನು ನೋಡಿ ಹೇಳಿದರು’ ಎಂಬ ಪ್ರಶ್ನೆ ಆಗ ಒಬ್ಬೊಬ್ಬ ತಜ್ಞರಿಗಷ್ಟೇ ಅಲ್ಲ, ಇಡೀ ಶಾಖೆಗೆ ತಾಗುತ್ತದೆ.

ಅಮ್ಮ ಪರಿಚಯದವರನ್ನು ಬಿಡುತ್ತಿರುವುದನ್ನು ಸ್ಟ್ಯಾನ್‌ಫರ್ಡ್‌ನ ಲಾರಾ ಕಾರ್ಸ್ಟೆನ್ಸನ್ ಅವರ ಸಿದ್ಧಾಂತದ ಜೊತೆ ಇಟ್ಟು ನೋಡಿ. ಮುಂದೆ ಬೇಕಾದಷ್ಟು ಕಾಲ ಇದೆ ಅನಿಸಿದಾಗ ನಾವು ಹೊಸ ಜನ, ಹೊಸ ಮಾಹಿತಿ ಹುಡುಕುತ್ತೇವೆ. ಕಾಲ ಕಡಿಮೆ ಇದೆ ಅನಿಸಿದಾಗ ಮನಸ್ಸಿಗೆ ಹತ್ತಿರದವರನ್ನು ಉಳಿಸಿಕೊಂಡು ಉಳಿದವರನ್ನು ಬಿಡುತ್ತೇವೆ. ಗಂಭೀರ ಕಾಯಿಲೆಯಿರುವ ಯುವಕರಲ್ಲೂ ಇದೇ ಕಂಡಿದೆ, ಅಂದರೆ ವಯಸ್ಸಿಗಿಂತ ಉಳಿದ ಕಾಲದ ಅಂದಾಜೇ ಇದಕ್ಕೆ ಕಾರಣ. ಇಂಥ ಹಿರಿಯರ ಬಳಗ ಚಿಕ್ಕದಾದರೂ ದಿನನಿತ್ಯದ ನೆಮ್ಮದಿ ಕಿರಿಯರಿಗಿಂತ ಕಡಿಮೆಯೇನೂ ಇರುವುದಿಲ್ಲ.

ಆದ್ದರಿಂದ ಅಮ್ಮ ಯಾರನ್ನು ಬಿಟ್ಟರು ಎಂದು ಎಣಿಸಬೇಡಿ, ಯಾರನ್ನು ಉಳಿಸಿಕೊಂಡಿದ್ದಾರೆ ನೋಡಿ. ಇಬ್ಬರು ಮೂವರು ಆಪ್ತರ ಫೋನ್ ಬಂದರೆ ಮುಖ ಅರಳುತ್ತದೆ, ಮೊಮ್ಮಗನ ಜೊತೆ ಹರಟುತ್ತಾರೆ, ಇಷ್ಟದ ಕೆಲಸ ನಡೆದಿದೆ ಅಂದರೆ ಅದು ಆಯ್ಕೆ. ಬಲವಂತವಾಗಿ ಜನರ ನಡುವೆ ಎಳೆದುಕೊಂಡು ಹೋಗಬೇಡಿ. ಆ ಇಬ್ಬರು ಮೂವರೂ ಬೇಡವಾಗಿದ್ದರೆ, ಹಿಂದೆ ಖುಷಿ ಕೊಡುತ್ತಿದ್ದದ್ದು ಈಗ ಕೊಡದಿದ್ದರೆ, ನಿದ್ದೆ, ಊಟ ಎರಡು ವಾರಕ್ಕೂ ಹೆಚ್ಚು ಕಾಲ ಏರುಪೇರಾಗಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಅನ್ನುವ ಮಾತು ಬರುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಜೊತೆಗೆ ಕಿವಿಯನ್ನೂ ಪರೀಕ್ಷೆ ಮಾಡಿಸಿ. ಮಾತು ಸರಿಯಾಗಿ ಕೇಳಿಸದೆ, ಮತ್ತೆ ಮತ್ತೆ ‘ಏನಂದೆ?’ ಎಂದು ಕೇಳಲು ಮುಜುಗರವಾಗಿ ಜನರಿಂದ ದೂರ ಉಳಿಯುವ ಹಿರಿಯರು ಬಹಳ ಇದ್ದಾರೆ. ಅದಕ್ಕೆ ಬೇಕಾದದ್ದು ಸಿದ್ಧಾಂತವಲ್ಲ, ಶ್ರವಣಯಂತ್ರ.